ಮೊನೊಗ್ರಾಂನ ಕೆಂಪು ಎಲ್ಲಿ ಹೋಯಿತು?

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಕಡೆ ಮದುವೆಗೂ ಆಸ್ಪತ್ರೆಗೂ ಚುನಾವಣೆಯ ಓಡಾಟಕ್ಕೂ ಒಂದು ಕಾಲದಲ್ಲಿ ಬರುತ್ತಿದ್ದುದು ಅಂಬಾಸಿಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಪದ್ಮಿನಿ ಅದಕ್ಕೂ ಒಂದು ದಶಕ ಮೊದಲೇ ನಿಂತಿತ್ತು. ಅಂಥ ಕಾರನ್ನು ಮಾರಲು ಮನಸ್ಸಾಗದೆ ಶೆಡ್ಡಿನಲ್ಲಿ ಉಳಿಸಿಕೊಂಡವರು ಇದ್ದಾರೆ. ಅವರು ಇಂಜಿನ್ ಬಿಚ್ಚಿಸುತ್ತಾರೆ, ಟಿಂಕರಿಂಗ್ ಮಾಡಿಸುತ್ತಾರೆ, ಹೊಸ ಬಣ್ಣ ಹೊಡೆಸುತ್ತಾರೆ, ಸೀಟಿಗೆ ಹೊಸ ಕುಶನ್ ಹಾಕಿಸುತ್ತಾರೆ. ಕೊನೆಗೆ ಉಳಿಯುವುದು ಮೊನೊಗ್ರಾಂ, ಎಂದರೆ ಕಾರಿನ ಹೆಸರಿನ ಲಾಂಛನ. ಅಂಗೈಗಿಂತ ಚಿಕ್ಕದಾದ, ಬಿಳಿಚಿಕೊಂಡ ಪ್ಲಾಸ್ಟಿಕ್ ತುಂಡು.

‘ಬಣ್ಣಾ ಸತ್ತೈತ್ರಿ, ಹೊಸಾದು ಹಾಕ್ಸಿಬಿಡ್ರಿ’ ಎನ್ನುವುದು ಗ್ಯಾರೇಜಿನಲ್ಲಿ ಸಿಗುವ ಸುಲಭದ ಸಲಹೆ. ನನ್ನ ಮಾತು ಇಷ್ಟೇ: ಎಸೆಯುವ ಮೊದಲು ಅದನ್ನು ಕಳಚಿ, ತಿರುಗಿಸಿ, ಬೆನ್ನು ನೋಡಿ. ಬಹಳ ಸಲ ಬಣ್ಣ ಸತ್ತಿರುವುದಿಲ್ಲ.

ಹಳೆಯ ಮೊನೊಗ್ರಾಂಗಳಲ್ಲಿ ಎರಕದ ಲೋಹದವೂ ಇವೆ; ಅವುಗಳ ದಾರಿ ಬೇರೆ. ಪ್ಲಾಸ್ಟಿಕ್ಕಿನವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್. 1933ರಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ವಸ್ತು ಇದು. 1950-60ರ ದಶಕದ ಅನೇಕ ಕಾರುಗಳಲ್ಲಿ ಹಾರ್ನ್ ಬಟನ್ನಿನ ನಡುವೆ, ವೀಲ್ ಕ್ಯಾಪಿನ ಮಧ್ಯೆ ಕೂತಿದ್ದುದು ಇದೇ. ಇನ್ನೊಂದು, ಮೇಲೆ ಕ್ರೋಮ್ ಲೇಪಿಸಿದ ಎಬಿಎಸ್. ಮೊದಲನೆಯದನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಅದರ ರಚನೆ ಕೂಡ ಸೊಗಸಾದದ್ದು.

ಅಕ್ರಿಲಿಕ್ ಮೊನೊಗ್ರಾಂನಲ್ಲಿ ಬಣ್ಣ ಮುಖದ ಮೇಲಿಲ್ಲ, ಬೆನ್ನಿಗಿದೆ. ಅಕ್ಷರ, ಲಾಂಛನಗಳನ್ನು ಹಿಂಬದಿಯಿಂದ ತಗ್ಗಾಗಿ ಅಚ್ಚು ಹಾಕಿ, ಆ ತಗ್ಗಿಗೆ ಮೊದಲು ಬೆಳ್ಳಿ ಅಥವಾ ಚಿನ್ನದ ಬಣ್ಣ ತುಂಬುತ್ತಾರೆ. ಅದರ ಮೇಲೆ ಇಡೀ ಬೆನ್ನಿಗೆ ಕೆಂಪೋ ಕಪ್ಪೋ ಬಳಿಯುತ್ತಾರೆ. ಮುಂದಿನಿಂದ ನೋಡಿದವರಿಗೆ ಅಕ್ಷರ ಕೆಂಪಿನೊಳಗೆ ತೇಲಿದಂತೆ ಕಾಣುತ್ತದೆ. 19ನೇ ಶತಮಾನದಲ್ಲಿ ಮೈಸೂರು, ತಂಜಾವೂರುಗಳ ಕಲಾವಿದರು ಗಾಜಿನ ಹಿಂಬದಿಗೆ ದೇವರ ಚಿತ್ರ ಬರೆದದ್ದೂ ಇದೇ ಕ್ರಮದಲ್ಲಿ: ಮೊದಲು ಕಣ್ಣು, ಒಡವೆ, ಆಮೇಲೆ ಮೈಬಣ್ಣ, ಕಟ್ಟಕಡೆಗೆ ಹಿನ್ನೆಲೆ. ಸಾಮಾನ್ಯ ಚಿತ್ರ ಬರೆಯುವ ಕ್ರಮಕ್ಕೆ ಪೂರ್ತಿ ತಿರುವುಮುರುವು.

ಇನ್ನು ಬಿಸಿಲಿನ ವಿಚಾರ. ಮೊದಲಿಗೆ ಹೆಸರಿಸಿದ ನಾಲ್ಕೂ ಊರುಗಳು ಸುಮಾರು 14.4ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದೊಳಗಿವೆ. ಹಾಗಾಗಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್ ಎರಡನೇ ವಾರದ ಆಸುಪಾಸು ಮತ್ತೊಮ್ಮೆ ಬರುತ್ತಾನೆ, ಆದರೆ ಆಗ ಮೋಡ ಅಡ್ಡವಿರುತ್ತದೆ. ಆ ಬಿಸಿಲು ಬಣ್ಣವನ್ನು ಕೆಡಿಸುವುದು ಹೇಗೆ? ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ ಅದರ ಒಂದೊಂದು ಕಣದ ಶಕ್ತಿ ಹೆಚ್ಚು. 700 ನ್ಯಾನೊಮೀಟರಿನ ಕೆಂಪು ಬೆಳಕಿನ ಕಣಕ್ಕೆ 1.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೆ, 300 ನ್ಯಾನೊಮೀಟರಿನ ಅತಿನೇರಳೆ ಕಣಕ್ಕೆ 4.1. ಎರಡು ಇಂಗಾಲದ ಪರಮಾಣುಗಳ ನಡುವಿನ ಒಂಟಿ ಬಂಧ ಮುರಿಯಲು ಸುಮಾರು 3.6 ಸಾಕು. ಅತಿನೇರಳೆ ಕಿರಣ ಬಣ್ಣದ ಅಣುವನ್ನು ಕತ್ತರಿಸಬಲ್ಲದು ಎನ್ನುವುದರ ಲೆಕ್ಕ ಇದು.

ಕೆಂಪೇ ಏಕೆ ಮೊದಲು ಸೋಲುತ್ತದೆ? ಕೆಂಪಾಗಿ ಕಾಣುವ ವಸ್ತು ಕೆಂಪನ್ನು ಹಿಂದಿರುಗಿಸಿ, ಹೆಚ್ಚು ಶಕ್ತಿಯ ನೀಲಿ, ಹಸಿರು ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಹೊಡೆತ ತಿನ್ನುವುದು ಅದರ ಹಣೆಬರಹ. ಜೊತೆಗೆ ಹಳೆಯ ಅಗ್ಗದ ಸಾವಯವ ಕೆಂಪುಗಳು ಮೊದಲೇ ದುರ್ಬಲ. ಕಪ್ಪಿಗೆ ಬಳಸುವ ಕಾಡಿಗೆಯಂಥ ಇಂಗಾಲದ ಪುಡಿ ಮಾತ್ರ ಎಲ್ಲವನ್ನೂ ನುಂಗಿ ಗಟ್ಟಿಯಾಗಿ ನಿಲ್ಲುತ್ತದೆ.

ಆದರೆ ಬಿಳಿಚಿಕೊಂಡದ್ದೆಲ್ಲ ಬಿಸಿಲಿನ ಕೆಲಸವಲ್ಲ. ಅರೆಮಲೆನಾಡಾದ ಹಾನಗಲ್ಲಿನ ಮಳೆಯಲ್ಲಿ ಅಂಚಿನಿಂದ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಿಗ್ಗುತ್ತದೆ, ಬೆನ್ನಿನ ಬಣ್ಣ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ. ನಡುವೆ ಗಾಳಿಯ ಪದರ ಸೇರುತ್ತದೆ. ಅಕ್ರಿಲಿಕ್ಕಿನೊಳಗಿನಿಂದ ಗಾಳಿಯ ಗಡಿಗೆ ಬಂದ ಬೆಳಕು 42 ಡಿಗ್ರಿಗಿಂತ ಓರೆಯಾಗಿದ್ದರೆ ಪೂರ್ತಿಯಾಗಿ ಹಿಂದಕ್ಕೆ ಚಿಮ್ಮುತ್ತದೆ. ಬಣ್ಣವನ್ನು ಮುಟ್ಟುವುದೇ ಇಲ್ಲ. ನಮಗೆ ಕಾಣುವುದು ಬೆಳ್ಳಿಯಂಥ ಮಸುಕು. ಬಣ್ಣ ಅಲ್ಲೇ ಇದೆ, ಬೆಳಕು ಅದರವರೆಗೆ ತಲುಪುತ್ತಿಲ್ಲ. ಪರೀಕ್ಷೆ ಸುಲಭ: ಹಿಂಬದಿಯ ಅಂಚಿಗೆ ಒಂದು ಹನಿ ಶುದ್ಧ ನೀರು ಬಿಡಿ. ನೀರು ಒಳಗೆ ಹರಿದ ಕಡೆಯೆಲ್ಲ ಕೆಂಪು ಕಣ್ಣೆದುರೇ ಎದ್ದು ಬಂದರೆ, ಕಳಚಿದ್ದು ಅಂಟು ಮಾತ್ರ.

ಎರಡು ಸಂದರ್ಭದಲ್ಲೂ ಕೆಲಸ ಬೆನ್ನಿನಿಂದಲೇ. ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ಹಾರ್ನ್ ಬಟನ್ನಿನಂಥ ನೆರಳಿನ ಜಾಗದಲ್ಲಿ, ಚೌಕಟ್ಟಿನ ಅಂಚಿನ ಅಡಿಯಲ್ಲಿ, ಬಿಸಿಲು ಕಾಣದ ಒಂದು ಗೆರೆ ಮೂಲ ಬಣ್ಣ ಉಳಿದಿರುತ್ತದೆ. ಹೊಸ ಬಣ್ಣ ಹೊಂದಿಸಲು ಅದೇ ಸಾಕ್ಷಿ, ಅದನ್ನು ಅಳಿಸಬೇಡಿ. ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸಡಿಲಾದ ಬಣ್ಣವನ್ನು ಮಾತ್ರ ಬಿದಿರಿನ ಕಡ್ಡಿಯಿಂದ ಎಬ್ಬಿಸಿ. ಗಟ್ಟಿಯಾಗಿ ಕೂತದ್ದು ಕೂತಿರಲಿ.

ತಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರವ, ಸ್ಪಿರಿಟ್ ಹತ್ತಿರವೂ ಬರಬಾರದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಗ್ಯಾರೇಜಿನಲ್ಲಿ ಮೊದಲು ಕೈಗೆ ಸಿಗುವುದು ಅವೇ. ಅಚ್ಚಿನಲ್ಲಿ ತಣಿಯುವಾಗ ಅಕ್ರಿಲಿಕ್ಕಿನೊಳಗೆ ಒಂದು ಬಿಗುವು ಉಳಿದುಕೊಂಡಿರುತ್ತದೆ. ಈ ದ್ರವಗಳು ಅಣುಸರಪಳಿಗಳ ನಡುವೆ ಇಳಿದೊಡನೆ ಆ ಬಿಗುವು ನೂರಾರು ಸಣ್ಣ ಬಿರುಕಾಗಿ ಒಡೆಯುತ್ತದೆ. ಆ ಬಿರುಕಿಗೆ ಮದ್ದಿಲ್ಲ. ಡ್ರೈಯರ್, ಹೀಟ್ ಗನ್ ಕೂಡ ಬೇಡ. ಅಕ್ರಿಲಿಕ್ ಮೆತ್ತಗಾಗುವುದು 105 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ.

ತಗ್ಗಿನ ಅಕ್ಷರಗಳಿಗೆ ಸಣ್ಣ ಕುಂಚದಿಂದ ನೀರಿನಲ್ಲಿ ಕಲಸುವ ಬೆಳ್ಳಿಯ ಅಕ್ರಿಲಿಕ್ ಬಣ್ಣ ತುಂಬಿ. ಅಂಚಿಗೆ ಹೊರಚೆಲ್ಲಿದ್ದನ್ನು ಹಸಿಯಾಗಿರುವಾಗಲೇ ಒದ್ದೆ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ನಂತರ ಕೆಂಪನ್ನು ತೆಳುವಾಗಿ ಎರಡು ಮೂರು ಸಲ ಬಳಿಯಿರಿ, ಕೊನೆಗೆ ಅದರ ಬೆನ್ನಿಗೆ ಕಪ್ಪು. ಅವಸರದಲ್ಲಿ ದಪ್ಪಗೆ ಬಳಿದರೆ ಗುಳ್ಳೆ ಏಳುತ್ತದೆ, ಗುಳ್ಳೆಯೆಂದರೆ ಮತ್ತೆ ಗಾಳಿ.

ಮುಖದ ಮೇಲಿನ ಗೀರುಗಳಿಗೆ 1000, 1500, 2000 ನಂಬರಿನ ವಾಟರ್ ಪೇಪರನ್ನು ಸೋಪಿನ ನೀರಿನೊಂದಿಗೆ ಅದೇ ಕ್ರಮದಲ್ಲಿ ಉಜ್ಜಿ, ಮೇಲೆ ಪಾಲಿಶ್ ಮಾಡಿದರೆ ಸಾಕು. ಒಣಗಿದ್ದಾಗ ಉಜ್ಜಬೇಡಿ, ಬಿಸಿಗೆ ಪ್ಲಾಸ್ಟಿಕ್ ಅಂಟುತ್ತದೆ.

ಕ್ರೋಮ್ ಹೊದ್ದ ಎಬಿಎಸ್ ಬೇರೆಯೇ ಸ್ವಭಾವದ್ದು. ಅದರೊಳಗೆ ರಬ್ಬರಿನಂಥ ಬ್ಯುಟಾಡೈಯೀನ್ ಕಣಗಳಿರುತ್ತವೆ. ಕಾರ್ಖಾನೆಯಲ್ಲಿ ಆಮ್ಲದಿಂದ ಮೇಲ್ಮೈಯ ಈ ಕಣಗಳನ್ನು ಕರಗಿಸಿದಾಗ ಸೂಕ್ಷ್ಮ ಕುಳಿಗಳಾಗುತ್ತವೆ. ಲೋಹದ ಪದರ ಅವುಗಳಲ್ಲಿ ಬೇರುಬಿಟ್ಟು ನಿಲ್ಲುತ್ತದೆ: ತಾಮ್ರ, ಅದರ ಮೇಲೆ ನಿಕಲ್, ತುದಿಗೆ ಒಂದು ಮೈಕ್ರಾನಿಗಿಂತ ತೆಳುವಾದ ಕ್ರೋಮ್. ಅದೇ ಬ್ಯುಟಾಡೈಯೀನ್ ಬಿಸಿಲಿಗೂ ಆಮ್ಲಜನಕಕ್ಕೂ ಮೊದಲು ತುತ್ತಾಗುವ ಭಾಗ. ಇಂಥದ್ದನ್ನು ಸೋಪಿನ ನೀರು, ಮೆತ್ತನೆಯ ಬಟ್ಟೆಗಳಿಂದ ಒರೆಸಿ. ಪಾಲಿಶ್ ಪೇಸ್ಟ್ ಹಾಕಿ ತಿಕ್ಕಿದರೆ ಇರುವ ಹೊಳಪೂ ಹೋಗುತ್ತದೆ. ಪದರ ಎದ್ದಿದ್ದರೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಲೇಪಿಸುವವರ ಬಳಿಗೆ ಕಳಿಸುವುದೊಂದೇ ಒಳ್ಳೆಯ ಹಾದಿ.

50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಗಾಡಿ ಮೂಲ ರೂಪದಲ್ಲಿರಬೇಕು ಎನ್ನುವುದು ಅದರ ಷರತ್ತು. ಆ ಷರತ್ತು ನೋಡುವುದು ಚಾಸಿ, ಬಾಡಿ, ಇಂಜಿನ್‌ಗಳನ್ನು, ಮೊನೊಗ್ರಾಂ ಅನ್ನಲ್ಲ. ಆದರೆ ಆ ಕಾರು ಕಟ್ಟಿದವರು ತಮ್ಮ ಗುರುತೆಂದು ಕೂರಿಸಿದ್ದು ಇದನ್ನೇ. ನಕಲಿ ತಂದು ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಮರಳಿ ಕೂರಿಸುವಾಗ ನಟ್ಟನ್ನು ಪಾನಾ ಹಾಕಿ ಬಿಗಿಯಬೇಡಿ. 10 ಸೆಂಟಿಮೀಟರ್ ಉದ್ದದ ಅಕ್ರಿಲಿಕ್ 40 ಡಿಗ್ರಿ ಹೆಚ್ಚು ಕಾದರೆ ಸುಮಾರು 0.28 ಮಿಲಿಮೀಟರ್ ಹಿಗ್ಗುತ್ತದೆ. ಅದರ ಅಡಿಯ ಉಕ್ಕಿನ ತಗಡು ಹಿಗ್ಗುವುದು 0.05 ಮಾತ್ರ. ಜಾಗ ಸಿಗದಿದ್ದರೆ ಪಿನ್ನಿನ ಬುಡದಲ್ಲೇ ಒಡೆಯುತ್ತದೆ. ತೆಳುವಾದ ರಬ್ಬರ್ ವಾಶರ್ ಇಟ್ಟು ಬೆರಳಿನಿಂದ ತಿರುಗಿಸಿದಷ್ಟೇ ಬಿಗಿ ಮಾಡಿ. ಮೇಲಂಚಿಗೆ, ಎರಡೂ ಬದಿಗೆ ಸೀಲಂಟ್ ಹಚ್ಚಿ, ಕೆಳಗಿನ ಅಂಚನ್ನು ತೆರೆದೇ ಬಿಡಿ. ಒಳಗೆ ಸೇರಿದ ಮಳೆನೀರು ಅಲ್ಲಿಂದ ಇಳಿದುಹೋಗುತ್ತದೆ.