ಕೆಂಪು ಗುಂಡಿ ಒತ್ತಿದರೂ ನಿಲ್ಲದ ಯಂತ್ರ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ತುಮಕೂರಿನ ಹೊರಗೆ ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಇದೆ. ಇಂಥ ದೊಡ್ಡ ಕಾರ್ಖಾನೆಯ ಸಿಎನ್‌ಸಿ ಯಂತ್ರಕ್ಕೆ ಎಮರ್ಜೆನ್ಸಿ ಸ್ಟಾಪ್ ಗುಂಡಿಯ ವೈರಿಂಗನ್ನು ತಯಾರಕರೇ ಮಾಡಿ, ಪರೀಕ್ಷಿಸಿ ಕೊಡುತ್ತಾರೆ. ತುಮಕೂರಿನ ಬಾಡಿಗೆ ಶೆಡ್ಡಿನಲ್ಲೋ ಕುಣಿಗಲ್ಲಿನ ಮನೆಯ ಹಿತ್ತಲಲ್ಲೋ ಕಿಟ್ ತರಿಸಿ ಜೋಡಿಸಿದ ಪುಟ್ಟ ಸಿಎನ್‌ಸಿ ರೌಟರಿಗೆ ಆ ಭಾಗ್ಯವಿಲ್ಲ. ಅಲ್ಲಿ ಕೆಂಪು ಗುಂಡಿ ನೆನಪಾಗುವುದೇ ಕೊನೆಗೆ.

ತೊಂದರೆ ಎರಡು ಬಗೆ: ಒತ್ತಿದರೂ ನಿಲ್ಲುವುದಿಲ್ಲ, ಇಲ್ಲವೇ ಒತ್ತದೆಯೇ ನಿಲ್ಲುತ್ತದೆ. ಎರಡನೆಯದಕ್ಕೆ ಬೇಸತ್ತು ಗುಂಡಿಯ ವೈರುಗಳಿಗೆ ಲೂಪ್ ಹಾಕಿಬಿಡುವವರು ಮೊದಲನೆಯದನ್ನು ತಾವೇ ಮೈಮೇಲೆ ಎಳೆದುಕೊಳ್ಳುತ್ತಾರೆ.

ಮೊದಲು ಪ್ಲಗ್ ಕಿತ್ತು, ಗುಂಡಿಯಿಂದ ವೈರ್ ಬಿಡಿಸಿ, ಮಲ್ಟಿಮೀಟರನ್ನು ಬೀಪ್‌ಗೆ ತಿರುಗಿಸಿ. ಹಿಂದಿನ ಕಾಂಟ್ಯಾಕ್ಟ್ ಬ್ಲಾಕ್ ಮೇಲೆ 11-12 ಅಥವಾ 1-2 ಎಂದಿದ್ದರೆ ಅದು ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಒತ್ತದಿದ್ದಾಗ ಮುಚ್ಚಿರುವುದು). 13-14 ಅಥವಾ 3-4 ಎಂದಿದ್ದರೆ ಎನ್‌ಒ (ನಾರ್ಮಲಿ ಓಪನ್, ಒತ್ತದಿದ್ದಾಗ ತೆರೆದಿರುವುದು). ನಮಗೆ ಬೇಕಾದದ್ದು ಎನ್‌ಸಿ. ಇಲಿ ವೈರ್ ಕಡಿದರೆ, ಅದುರಿ ಅದುರಿ ಸ್ಕ್ರೂ ಸಡಿಲವಾದರೆ, ಎನ್‌ಸಿ ಸರ್ಕ್ಯೂಟ್ ತುಂಡಾಗಿ ಯಂತ್ರ ನಿಲ್ಲುತ್ತದೆ. ಎನ್‌ಒ ಆದರೆ ವೈರ್ ತುಂಡಾದದ್ದು ಅಪಾಯದ ಹೊತ್ತಿಗೇ ಗೊತ್ತಾಗುವುದು. ಬೀಪ್ ಬಂತೆಂದು ಸುಮ್ಮನಾಗದೆ ಗುಂಡಿ ಒತ್ತಿ ನೋಡಿ, ಸದ್ದು ನಿಲ್ಲಬೇಕು. ಅಗ್ಗದ ಗುಂಡಿಗಳಲ್ಲಿ ಬ್ಲಾಕ್ ಕ್ಲಿಪ್ಪಿನಿಂದ ಕಳಚಿ ಹಿಂದೆ ಜೋತುಬೀಳುವುದುಂಟು. ಆಗ ಒಳಗಿನ ಸ್ಪ್ರಿಂಗ್ ಸಂಪರ್ಕವನ್ನು ಮುಚ್ಚಿಯೇ ಇಟ್ಟಿರುತ್ತದೆ. ಎದುರಿಗೆ ಕೆಂಪು ಟೋಪಿಯನ್ನು ಎಷ್ಟು ಗುದ್ದಿದರೂ ಪ್ರಯೋಜನವಿಲ್ಲ.

ಗುಂಡಿ ಸರಿಯಿದ್ದರೆ ಬೋರ್ಡಿನ ಸರದಿ. ಆರ್ಡುಯಿನೊ ಊನೊ ಮೇಲೆ ಜಿಆರ್‌ಬಿಎಲ್ 1.1 ಫರ್ಮ್‌ವೇರ್ ಓಡುತ್ತಿದ್ದರೆ ಅದರ ರಿಸೆಟ್ ಪಿನ್ ನಿರೀಕ್ಷಿಸುವುದು ಎನ್‌ಒ ಗುಂಡಿಯನ್ನು. ಸೆಟ್ಟಿಂಗ್ ಬದಲಿಸದೆ ಎನ್‌ಸಿ ಸಿಕ್ಕಿಸಿದರೆ ವಿಚಿತ್ರ ನಡೆಯುತ್ತದೆ: ಒತ್ತಿದಾಗ ಏನೂ ಆಗದು, ತಿರುಗಿಸಿ ಬಿಟ್ಟಾಗ ರಿಸೆಟ್ ಆಗುತ್ತದೆ! ಬೋರ್ಡ್ ಕೆಟ್ಟಿದೆಯೆಂದು ಹೊಸದನ್ನು ತರಿಸುವ ಮುನ್ನ ಕಾನ್ಫಿಗ್ ಕಡತದಲ್ಲಿ ಕಂಟ್ರೋಲ್ ಪಿನ್‌ಗಳನ್ನು ತಲೆಕೆಳಗು ಮಾಡುವ ಸಾಲನ್ನು ಸರಿಪಡಿಸಿ, ಫರ್ಮ್‌ವೇರ್ ಮತ್ತೆ ಹಾಕಿ. ಮ್ಯಾಕ್3 ಸಾಫ್ಟ್‌ವೇರ್ ಬಳಸುವವರಿಗೆ ಇಷ್ಟು ಪಾಡಿಲ್ಲ, ಇ-ಸ್ಟಾಪ್ ಸಾಲಿನ 'ಆಕ್ಟಿವ್ ಲೋ' ಟಿಕ್ ಬದಲಿಸಿದರೆ ಸಾಕು.

ಸ್ಪಿಂಡಲ್ ಓಡುವಾಗ ಮಾತ್ರ ಯಂತ್ರ ತಾನಾಗಿ ನಿಲ್ಲುತ್ತಿದ್ದರೆ ಬಹುಪಾಲು ಅದು ವಿದ್ಯುತ್ ಗದ್ದಲ. ಊನೊದ ಚಿಪ್ಪಿನೊಳಗಿನ ಪುಲ್-ಅಪ್ 20ರಿಂದ 50 ಕಿಲೋ ಓಮ್; ಪಕ್ಕದಲ್ಲೇ ಸ್ಪಿಂಡಲ್ ಕೇಬಲ್ ಹೋಗಿದ್ದರೆ ಆ ಪುಲ್-ಅಪ್ ಗದ್ದಲವನ್ನು ತಡೆಯಲಾರದು. ವೈರುಗಳನ್ನು ದೂರ ಮಾಡಿ, ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ. ಹೊರಗಿನಿಂದ 4.7 ಕಿಲೋ ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸಾಮಾನ್ಯವಾಗಿ ಕಾಟ ತಪ್ಪುತ್ತದೆ.

ಇಷ್ಟೆಲ್ಲ ಆದರೂ ಬೋರ್ಡಿಗೆ ಹೋದ ವೈರ್ ಸಾಫ್ಟ್‌ವೇರಿಗೆ ಸಲ್ಲಿಸಿದ ಅರ್ಜಿ ಅಷ್ಟೆ. ಪ್ರತ್ಯೇಕ ಸ್ವಿಚ್ಚಿನ ಸ್ಪಿಂಡಲ್ ಅದನ್ನು ಕೇಳುವುದೇ ಇಲ್ಲ. ಆದ್ದರಿಂದ ಗುಂಡಿಯ ಒಂದು ಎನ್‌ಸಿ ಬ್ಲಾಕ್ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಸರಣಿಯಲ್ಲಿ ಹೋಗಬೇಕು. ಆ ಕಾಂಟ್ಯಾಕ್ಟರ್ ಮೋಟಾರ್ ಡ್ರೈವರುಗಳ ಮತ್ತು ಸ್ಪಿಂಡಲ್ಲಿನ ಸಪ್ಲೈ ಕಡಿಯಬೇಕು. ಎರಡನೇ ಬ್ಲಾಕ್ ಬೋರ್ಡಿಗೆ. 230 ವೋಲ್ಟಿನ ಈ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಸ್ಟಾರ್ಟ್ ಬಟನ್ ಒತ್ತಿದರೆ ಮಾತ್ರ ಕಾಂಟ್ಯಾಕ್ಟರ್ ಕಚ್ಚಿಕೊಳ್ಳುವ ಹಾಗೆ ಹೋಲ್ಡಿಂಗ್ ಸರ್ಕ್ಯೂಟ್ ಇರಲಿ. ಗುಂಡಿ ಬಿಟ್ಟ ಮಾತ್ರಕ್ಕೆ ಯಂತ್ರ ಹೊರಡಕೂಡದು ಎನ್ನುತ್ತದೆ ಐಎಸ್‌ಒ 13850. ಕರೆಂಟ್ ಹೋಗಿ ಬರುವ ನಮ್ಮೂರುಗಳಲ್ಲಿ ಬಿಟ್ ಬದಲಿಸುತ್ತಾ ಕೂತವರ ಕೈಯನ್ನೂ ಇದೇ ಸರ್ಕ್ಯೂಟ್ ಕಾಯುತ್ತದೆ.

ಸಪ್ಲೈ ಕಡಿದರೂ ವಿಎಫ್‌ಡಿ ಸ್ಪಿಂಡಲ್ ಸ್ವಲ್ಪ ಹೊತ್ತು ತಿರುಗುತ್ತದೆ, ಝಡ್ ಅಕ್ಷ ಭಾರಕ್ಕೆ ಕುಸಿಯಬಹುದು. ಯಂತ್ರದ ಸ್ಥಾನವೂ ತಪ್ಪಿರುತ್ತದೆ, ಮತ್ತೆ ಹೋಮಿಂಗ್ ಮಾಡಿಯೇ ಮುಂದುವರಿಯಿರಿ.

ಕೊನೆಗೆ ಬಿಟ್ ತೆಗೆದು, ಸ್ಪಿಂಡಲ್ ಓಡಿಸಿ, ಗುಂಡಿ ಒತ್ತಿ ನೋಡಿ. ಆಮೇಲೆ ಪ್ಲಗ್ ಕಿತ್ತು, ಕಾಯಿಲ್ ಸಾಲಿನ ಒಂದು ವೈರ್ ಬಿಡಿಸಿ ತುದಿಗೆ ಟೇಪ್ ಸುತ್ತಿ, ಪ್ಲಗ್ ಹಾಕಿ ಸ್ಟಾರ್ಟ್ ಒತ್ತಿ. ಕಾಂಟ್ಯಾಕ್ಟರ್ ಕಚ್ಚಲೇಬಾರದು.