ಕಲ್ಲುಹಾಸಿನ ಮೇಲೆ ಅರಳುವ ಕಾಸ್

ಹೂವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಅಂಗಳದ ಮಲ್ಲಿಗೆ, ಪೂಜೆಯ ಬುಟ್ಟಿ, ಹೆಣ್ಣುಮಕ್ಕಳ ಮುಡಿ. ಇವೆಲ್ಲ ಪಾತಿ ಮಾಡಿ, ನೀರೆರೆದು, ಮಮತೆಯಿಂದ ಬೆಳೆಸಿದ ಹೂಗಳು. ಯಾರೂ ಬಿತ್ತದೆ, ಯಾರ ಮುಡಿಗೂ ಏರದೆ ಅರಳಿ, ಬೀಜ ಕಟ್ಟಿ, ಮಣ್ಣಿಗೆ ಮರಳುವ ಹೂಗಳ ಲೋಕವೂ ಒಂದುಂಟು. ಅದನ್ನು ಕಾಣಬೇಕೆನ್ನುವವರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕಾಸ್ ಪ್ರಸ್ತಭೂಮಿಗೆ ಒಮ್ಮೆ ಹೋಗಿಬರಬೇಕು.

ಬೆಳಗಾವಿಯಿಂದ ಕೊಲ್ಹಾಪುರದ ಮೇಲೆ ಹಾದು ಸಾತಾರಾ ತಲುಪಲು ಸುಮಾರು 230 ಕಿ.ಮೀ. ದಾರಿ. ಅಲ್ಲಿಂದ ಘಟ್ಟದ ತಿರುವುಗಳನ್ನೇರಿ ಸುಮಾರು 25 ಕಿ.ಮೀ. ಸಾಗಿದರೆ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ ಈ ಬಯಲು ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋದವನಿಗೆ ಅದು ಬರಿಯ ಬಂಡೆ. ಜಂಬಿಟ್ಟಿಗೆಯ ಕಲ್ಲುಹಾಸಿನ ಮೇಲೆ ಬೆರಳುದ್ದದ ಮಣ್ಣೂ ಇಲ್ಲದ ಕಡೆಗಳೇ ಹೆಚ್ಚು. ಹೆಮ್ಮರಗಳು ಬೇರೂರಲು ಎಡೆಯಿಲ್ಲ. ಆದರೆ ಮುಂಗಾರು ಸುರಿದು, ಕಲ್ಲಿನ ಕುಳಿಗಳಲ್ಲಿ ನೀರು ನಿಂತಿತೆಂದರೆ ಅದೇ ಬಂಡೆ ಗರ್ಭ ಧರಿಸುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ವಾರಕ್ಕೊಂದು ಬಣ್ಣದ ಹಾಸು. ಸುಮಾರು 850 ಬಗೆಯ ಹೂಬಿಡುವ ಸಸ್ಯಗಳನ್ನು ಇಲ್ಲಿ ಗುರುತಿಸಲಾಗಿದೆ.

ಹಳದಿಯ ಸೋನಕಿ, ನಮ್ಮ ಕರ್ಣಕುಂಡಲದ ಬಳಗಕ್ಕೆ ಸೇರಿದ ಗುಲಾಬಿ ಬಣ್ಣದ ತೇರಡಾ, ಗುಂಡುಸೂಜಿಯ ತಲೆಯಂತೆ ಬಿಳಿಯಾಗಿ ನಿಲ್ಲುವ ಗೇಂದ ಇಲ್ಲಿನ ಸಾಮಾನ್ಯ ನಿವಾಸಿಗಳು. ನೀಲಿ ಹನಿಗಳಂತಿರುವ ಒಂದು ಪುಟ್ಟ ಹೂವನ್ನು ಮರಾಠಿಗರು ‘ಸೀತೆಯ ಕಣ್ಣೀರು’ ಎಂದು ಕರೆಯುತ್ತಾರೆ. ಆ ಕೋಮಲ ಹೆಸರಿನ ಗಿಡ ವಾಸ್ತವವಾಗಿ ಕೀಟಾಹಾರಿ! ಇಲ್ಲಿಯ ಮಣ್ಣಿನಲ್ಲಿ ಸಾರಜನಕ ಕಡಿಮೆ. ಆ ಕೊರತೆಯನ್ನು ಅದು ತನ್ನ ಸಣ್ಣ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ತುಂಬಿಕೊಳ್ಳುತ್ತದೆ. ಅಂಟುಹನಿಗಳಿಂದ ಹುಳುಗಳನ್ನು ಹಿಡಿಯುವ ಡ್ರಾಸೆರಾ ಗಿಡವೂ ಇದೇ ದಾರಿ ಹಿಡಿದಿದೆ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ 12 ವರ್ಷಗಳಿಗೊಮ್ಮೆ ಅರಳುವ ಗುರಿಗೆಯ ಬಂಧುವೊಂದು ಇಲ್ಲಿ 7 ವರ್ಷಗಳಿಗೊಮ್ಮೆ ಒಟ್ಟಾಗಿ ಅರಳುತ್ತದೆ. ಸಾತಾರೆಯ ಹೆಸರನ್ನೇ ಹೊತ್ತ ಅಪೋನೋಜೆಟಾನ್ ಸಾತಾರೆನ್ಸಿಸ್ ಎಂಬ ಜಲಸಸ್ಯವು ಈ ಸೀಮೆಯ ಘಟ್ಟಗಳಿಗೇ ಮೀಸಲಾದ ಅಪರೂಪದ ಸಂತಾನ.

2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಕರ್ನಾಟಕದವು 10. ಕಾಸ್ ಕೂಡ ಆ ಪಟ್ಟಿಯಲ್ಲಿದೆ. ಕೀರ್ತಿಯೊಡನೆ ಜನಸಾಗರವೂ ಬಂದಿತು. ಚಿತ್ರ ತೆಗೆಸಿಕೊಳ್ಳಲು ಹೂಗಳ ಮೇಲೆಯೇ ಕುಳಿತವರೆಷ್ಟೋ! ಅರಣ್ಯ ಇಲಾಖೆಯು ಸುತ್ತಲಿನ ಹಳ್ಳಿಗರನ್ನು ಜೊತೆಗೂಡಿಸಿಕೊಂಡು ಪ್ರವೇಶಶುಲ್ಕ ಗೊತ್ತುಮಾಡಿತು, ದಿನಕ್ಕೆ 3,000 ಜನರ ಮಿತಿಯನ್ನು ವಿಧಿಸಿತು, ತಂತಿಬೇಲಿಯನ್ನೂ ಹಾಕಿತು.

ಆದರೆ ಬೇಲಿಯು ಜನರೊಡನೆ ದನಗಳನ್ನೂ ತಡೆಯಿತು. ಮೇಯುವ ಬಾಯಿಗಳು ಇಲ್ಲವಾದಾಗ ಹುಲ್ಲು ಎತ್ತರಕ್ಕೆ ಬೆಳೆದು, ನೆಲಕ್ಕಂಟಿದ ಸಣ್ಣ ಗಿಡಗಳಿಗೆ ಬಿಸಿಲು ದೊರೆಯದಾಯಿತು, ಹೂವು ತಗ್ಗಿತು ಎಂಬ ದೂರು ಎದ್ದಿತು. ಕೊನೆಗೆ 2020ರ ನಂತರದ ವರ್ಷಗಳಲ್ಲಿ ಆ ಬೇಲಿಯನ್ನು ತೆಗೆಯಲಾಯಿತು. ತಲೆಮಾರುಗಳಿಂದ ಅಲ್ಲಿ ದನ ಮೇಯಿಸಿದ ಹಳ್ಳಿಗನು ಹೂವಿನ ಶತ್ರುವಾಗಿರಲಿಲ್ಲ, ತಿಳಿಯದೆಯೇ ಅದರ ಕಾವಲುಗಾರನಾಗಿದ್ದನು ಎಂಬುದು ಇದರಿಂದ ಕಲಿಯಬೇಕಾದ ಪಾಠ. ಈಗ ಬೇಲಿಯ ಕೆಲಸವನ್ನು ನೋಡಲು ಬರುವವರ ಸಂಯಮವೇ ಮಾಡಬೇಕಾಗಿದೆ.

ಆದ್ದರಿಂದ ಕುಟುಂಬಸಮೇತ ಹೊರಡುವವರು ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಮೊದಲೇ ಪ್ರವೇಶವನ್ನು ಗೊತ್ತುಮಾಡಿಕೊಂಡು, ಶನಿವಾರ ಭಾನುವಾರಗಳನ್ನು ಬಿಟ್ಟು ಬೇರೆ ದಿನ ಹೋಗಿರಿ. ಕಾಲುದಾರಿಯನ್ನು ಬಿಟ್ಟು ಇಳಿಯಬೇಡಿರಿ. ಮಕ್ಕಳಿಗೆ ಹೂವಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡುವುದನ್ನು ಕಲಿಸಿರಿ. ಇಲ್ಲಿಯ ಸೊಬಗು ನಿಂತವರಿಗಿಂತ ಬಾಗಿದವರಿಗೆ ಹೆಚ್ಚು ಕಾಣುತ್ತದೆ. ದೇವರಿಗೆಂದಾದರೂ ಒಂದು ಹೂವನ್ನೂ ಕೀಳಬಾರದು. ಕಿತ್ತ ಹೂವು ಸಂಜೆಗೆ ಬಾಡುತ್ತದೆ. ಗಿಡದಲ್ಲಿ ಉಳಿದ ಹೂವು ಬೀಜವಾಗಿ ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತದೆ.

ಬೆಳಗಾವಿ ಜಿಲ್ಲೆಯ ಖಾನಾಪುರ, ಚೋರ್ಲಾ ಸೀಮೆಯ ಗುಡ್ಡಗಳ ಮೇಲೆಯೂ ಇಂಥ ಕಲ್ಲುಹಾಸುಗಳಿವೆ. ಮಳೆಗಾಲದಲ್ಲಿ ಅಲ್ಲಿಯೂ ಸಣ್ಣ ಹೂಗಳು ಅರಳುತ್ತವೆ. ಕಾಸ್‌ಗೆ ಬಂದ ಹೆಸರು ಮಾತ್ರ ಅವಕ್ಕೆ ಬಂದಿಲ್ಲ. ‘ಬರಡು ಭೂಮಿ’ ಎಂದು ನಾವು ಬರೆದಿಟ್ಟ ನೆಲ ನಿಜವಾಗಿ ಬರಡೇ ಎಂಬುದನ್ನು ಒಂದು ಮಳೆಗಾಲ ಕಾದು ನೋಡುವಷ್ಟು ತಾಳ್ಮೆಯಾದರೂ ನಮ್ಮಲ್ಲಿರಲಿ.