ವ್ಯವಹಾರದ ಇಂಗ್ಲಿಷ್‌ನಲ್ಲಿ ಷರತ್ತಿನ ವಾಕ್ಯಗಳು: ಓದುವ, ಬರೆಯುವ ಅಭ್ಯಾಸ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಒಂದು ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರ ಪ್ರಾಂತದ ರಾಜಧಾನಿಯಾಗಿ ಮೆರೆದ ಊರು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು, ಆ ಮಠದಲ್ಲಿ ವೇದಾಧ್ಯಯನದೊಂದಿಗೆ ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ತಿಳಿಸುತ್ತದೆ. ಅದೇ ಊರಿನ ಶಾಸನಗಳಲ್ಲಿ ಪಟ್ಟಣಸ್ವಾಮಿಗಳ ಹಾಗೂ ವರ್ತಕ ಸಮೂಹಗಳ ಉಲ್ಲೇಖವೂ ಇದೆ. ವ್ಯಾಕರಣವೂ ವಾಣಿಜ್ಯವೂ ಅಲ್ಲಿ ಒಂದೇ ಊರಿನ ನೆರೆಹೊರೆಯಾಗಿದ್ದವು.

ನಮ್ಮ ನಾಡಿನ ದಾನಶಾಸನಗಳ ಕೊನೆಯ ಭಾಗವನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಈ ಧರ್ಮವನ್ನು ಕಾಪಾಡಿದವನಿಗೆ ವಾರಾಣಸಿಯಲ್ಲಿ ಗೋದಾನ ಮಾಡಿದ ಪುಣ್ಯ. ಅಳಿದವನಿಗೆ ಅದೇ ಕ್ಷೇತ್ರದಲ್ಲಿ ಗೋವನ್ನು ಕೊಂದ ಪಾಪ. ನಡೆದುಕೊಂಡರೆ ಏನು, ನಡೆದುಕೊಳ್ಳದಿದ್ದರೆ ಏನು ಎಂಬ ಎರಡೂ ಮುಖಗಳನ್ನು ಕಲ್ಲಿನ ಮೇಲೆ ಬರೆದಿಡುತ್ತಿದ್ದರು. ಇಂದು ನಮ್ಮ ಕೈಗೆ ಬರುವ ಪರ್ಚೇಸ್ ಆರ್ಡರ್, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ವಿಮಾ ಪಾಲಿಸಿ ಇವೆಲ್ಲವೂ ಷರತ್ತಿನ ವಾಕ್ಯಗಳಿಂದಲೇ ತುಂಬಿವೆ. ಆದರೆ ಅವು ಇಂಗ್ಲಿಷ್‌ನಲ್ಲಿವೆ ಮತ್ತು ಅನೇಕ ವೇಳೆ ಒಂದು ಮುಖವನ್ನು ಮಾತ್ರ ಹೇಳುತ್ತವೆ. ಇನ್ನೊಂದು ಮುಖವನ್ನು ಓದುಗನೇ ಕಂಡುಕೊಳ್ಳಬೇಕು. ಲೆಕ್ಕ ಪರಿಶೋಧನೆಯ ವೇಳೆ ವಸೂಲಾಗದ ಬಾಕಿಗಳ ಪಟ್ಟಿಯನ್ನು ನೋಡುವಾಗ, ಅವುಗಳಲ್ಲಿ ಕೆಲವಕ್ಕೆ ಕಾರಣ ಗ್ರಾಹಕನ ಕಪಟವಲ್ಲ, ಓದದೆ ಅಥವಾ ಅರೆಬರೆ ಓದಿ ಬಿಟ್ಟ ಒಂದು ವಾಕ್ಯ ಎಂಬುದು ಗೋಚರಿಸುತ್ತದೆ. ಆದ್ದರಿಂದ ಶಾಲೆಯಲ್ಲಿ ಬಿಟ್ಟುಬಂದ ಈ ವ್ಯಾಕರಣ ಪಾಠವನ್ನು ನಮ್ಮ ಅಂಗಡಿ, ಗಿರಣಿ, ಕಾರ್ಖಾನೆಗಳ ಉದಾಹರಣೆಗಳೊಂದಿಗೆ ಮತ್ತೊಮ್ಮೆ ಅಭ್ಯಾಸ ಮಾಡುವುದು ಉಚಿತ.

ಕನ್ನಡದ ‘ರೆ’, ಇಂಗ್ಲಿಷ್‌ನ ‘ಇಫ್’

ಕನ್ನಡದಲ್ಲಿ ಷರತ್ತನ್ನು ಹೇಳಲು ಕ್ರಿಯಾಪದಕ್ಕೆ ‘ರೆ’ ಸೇರಿಸಿದರೆ ಸಾಕು: ಬಂದರೆ, ಕೊಟ್ಟರೆ, ಕಳಿಸಿದರೆ. ‘ಹಣ ಬಂದರೆ ಮಾಲು ಕಳಿಸುತ್ತೇವೆ’ ಎಂಬ ವಾಕ್ಯದಲ್ಲಿ ‘ಬಂದ’ ಎಂಬುದು ರೂಪದಲ್ಲಿ ಭೂತಕಾಲ, ಅರ್ಥದಲ್ಲಿ ಭವಿಷ್ಯತ್ತು. ಇಂಗ್ಲಿಷ್‌ನಲ್ಲಿ ‘ಇಫ್’ ಎಂಬ ಪದ ಒಂದೇ ಆದರೂ, ಅದರ ಹಿಂದೆ ಬರುವ ಕ್ರಿಯಾಪದದ ಕಾಲ ಬದಲಾದಂತೆ ವಾಕ್ಯದ ಬೆಲೆಯೇ ಬದಲಾಗುತ್ತದೆ. ಮುಖ್ಯವಾಗಿ ನಾಲ್ಕು ಬಗೆಗಳನ್ನು ಗುರುತಿಸುವ ವಾಡಿಕೆಯಿದೆ.

1. ಸ್ಥಿರ ನಿಯಮ. ‘ಇಫ್ ದಿ ಮಾಯಿಶ್ಚರ್ ಎಕ್ಸೀಡ್ಸ್ ಫೋರ್ಟೀನ್ ಪರ್ಸೆಂಟ್, ದಿ ರೇಟ್ ಈಸ್ ರೆಡ್ಯೂಸ್ಡ್.’ ಮೆಕ್ಕೆಜೋಳದ ತೇವಾಂಶ ಶೇ. 14 ಮೀರಿದರೆ ದರ ಕಡಿತ. ಎರಡೂ ಕಡೆ ವರ್ತಮಾನ ಕಾಲ. ಇಲ್ಲಿ ಚೌಕಾಸಿಗೆ ಎಡೆಯಿಲ್ಲ. ಷರತ್ತು ಒದಗಿದ ಪ್ರತಿ ಸಲವೂ ಫಲ ತಾನಾಗಿ ಬರುತ್ತದೆ.

2. ನಿಜವಾದ ಕೊಡುಗೆ. ‘ಇಫ್ ಯು ಪೇ ವಿದಿನ್ ಸೆವೆನ್ ಡೇಸ್, ವಿ ವಿಲ್ ಅಲೋ ಒನ್ ಪರ್ಸೆಂಟ್ ಡಿಸ್ಕೌಂಟ್.’ ಏಳು ದಿನದೊಳಗೆ ಕೊಟ್ಟರೆ ಶೇ. 1 ರಿಯಾಯಿತಿ. ‘ಇಫ್’ ಭಾಗದಲ್ಲಿ ವರ್ತಮಾನ, ಫಲದ ಭಾಗದಲ್ಲಿ ‘ವಿಲ್’. ಇದು ವಾಗ್ದಾನ. ನಮ್ಮವರು ಸಾಮಾನ್ಯವಾಗಿ ‘ಇಫ್ ಯು ವಿಲ್ ಪೇ’ ಎಂದು ಬರೆಯುತ್ತಾರೆ. ‘ಇಫ್’ ಭಾಗದಲ್ಲಿ ‘ವಿಲ್’ ಬೇಡ.

3. ಊಹೆಯ ಮಾತು. ‘ಇಫ್ ಯು ಆರ್ಡರ್ಡ್ ಫೈವ್ ಹಂಡ್ರೆಡ್ ಬ್ಯಾಗ್ಸ್, ವಿ ವುಡ್ ರೆಡ್ಯೂಸ್ ದಿ ರೇಟ್.’ ಐನೂರು ಚೀಲಕ್ಕೆ ಆರ್ಡರ್ ಕೊಡುವಿರಾದರೆ ದರ ಇಳಿಸಬಹುದಿತ್ತು ಎಂಬ ಧಾಟಿ. ‘ವಿಲ್’ ಹೋಗಿ ‘ವುಡ್’ ಬಂದಿದೆ. ಇದು ಮಾತುಕತೆಯ ಹೆಜ್ಜೆ, ಪಕ್ಕಾ ಕೊಡುಗೆಯಲ್ಲ. ಇಂಥ ಪತ್ರವನ್ನು ನಂಬಿ ಮರುದಿನವೇ ಅಕ್ಕಿ ಗಿರಣಿಗೆ ಭತ್ತ ಖರೀದಿಸುವವರು ಮೊದಲು ಆ ದರವನ್ನು ‘ವಿಲ್’ ಎಂಬ ಪದದೊಂದಿಗೆ ಬರೆಸಿಕೊಳ್ಳುವುದು ಲೇಸು.

4. ಮುಚ್ಚಿದ ಬಾಗಿಲು. ‘ಇಫ್ ಯು ಹ್ಯಾಡ್ ಇನ್‌ಫಾರ್ಮ್ಡ್ ಅಸ್ ಇನ್ ಟೈಮ್, ವಿ ವುಡ್ ಹ್ಯಾವ್ ರೀಪ್ಲೇಸ್ಡ್ ದಿ ಗೂಡ್ಸ್.’ ಸಕಾಲದಲ್ಲಿ ತಿಳಿಸಿದ್ದರೆ ಮಾಲು ಬದಲಾಯಿಸುತ್ತಿದ್ದೆವು. ಅಂದರೆ ಈಗ ಬದಲಾಯಿಸುವುದಿಲ್ಲ. ಓದಲು ಸೌಜನ್ಯದ ಪತ್ರದಂತಿದ್ದರೂ ಇದು ನಿರಾಕರಣೆ. ಜೊತೆಗೆ, ಸಕಾಲದಲ್ಲಿ ತಿಳಿಸಲಿಲ್ಲವೆಂಬ ದೋಷವನ್ನೂ ನಿಮ್ಮ ಮೇಲೆ ಹೊರಿಸುತ್ತದೆ. ನೀವು ಸಕಾಲದಲ್ಲಿ ತಿಳಿಸಿದ್ದುಂಟಾದರೆ, ದಿನಾಂಕ ಸಹಿತ ಕೂಡಲೇ ಉತ್ತರ ಬರೆಯಬೇಕು. ಸುಮ್ಮನಿದ್ದರೆ ಮುಂದೆ ಆ ಪತ್ರವನ್ನೇ ನಿಮ್ಮ ವಿರುದ್ಧ ಹಾಜರುಪಡಿಸಬಹುದು.

‘ಇಫ್’ ಇಲ್ಲದ ಷರತ್ತುಗಳು

ವ್ಯವಹಾರ ಪತ್ರಗಳಲ್ಲಿ ಹೆಚ್ಚಿನ ತೊಂದರೆ ಬರುವುದು ‘ಇಫ್’ ಎಂಬ ಪದವೇ ಇಲ್ಲದ ಷರತ್ತುಗಳಿಂದ.

‘ಅನ್‌ಲೆಸ್’ ಎಂಬ ಪದದೊಳಗೆ ‘ಇಲ್ಲ’ ಎಂಬ ಅರ್ಥ ಅಡಗಿದೆ. ಕನ್ನಡದ ‘ಕೊಡದಿದ್ದರೆ’ ಎಂಬುದಕ್ಕೆ ‘ಅನ್‌ಲೆಸ್ ಯು ಪೇ’ ಎಂದರೆ ಸಾಕು. ‘ಅನ್‌ಲೆಸ್ ಯು ಡು ನಾಟ್ ಪೇ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ‘ಅನ್‌ಲೆಸ್ ರಿಜೆಕ್ಟೆಡ್ ಇನ್ ರೈಟಿಂಗ್ ವಿದಿನ್ ಸೆವೆನ್ ಡೇಸ್, ದಿ ಗೂಡ್ಸ್ ಆರ್ ಡೀಮ್ಡ್ ಆಕ್ಸೆಪ್ಟೆಡ್’ ಎಂಬ ವಾಕ್ಯ ಹೇಳುವುದಿಷ್ಟು: ಏಳು ದಿನದೊಳಗೆ ಬರವಣಿಗೆಯಲ್ಲಿ ತಿರಸ್ಕರಿಸದಿದ್ದರೆ ನಿಮ್ಮ ಮೌನವೇ ಒಪ್ಪಿಗೆ. ಫೋನಿನಲ್ಲಿ ಹೇಳಿದ ಆಕ್ಷೇಪಣೆ ಇಲ್ಲಿ ಲೆಕ್ಕಕ್ಕೆ ಬಾರದು.

‘ಸಬ್ಜೆಕ್ಟ್ ಟು’ ಎಂಬುದು ಇನ್ನೂ ಪೂರೈಸಬೇಕಾದ ಷರತ್ತನ್ನು ಸೂಚಿಸುತ್ತದೆ. ಆಸ್ತಿ ಅಡಮಾನಕ್ಕೆ ‘ಸಬ್ಜೆಕ್ಟ್ ಟು’ ಎಂದು ಬ್ಯಾಂಕು ಸಾಲ ಮಂಜೂರು ಮಾಡಿದ್ದರೆ, ಅಡಮಾನ ಪತ್ರ ಪೂರ್ಣಗೊಳ್ಳುವವರೆಗೆ ಹಣ ಕೈಗೆ ಬಂದಂತಲ್ಲ. ಶಿರಾಳಕೊಪ್ಪದ ಒಬ್ಬ ಉದ್ಯಮಿ ಆ ಪತ್ರವನ್ನೇ ನೆಚ್ಚಿ ಯಂತ್ರಕ್ಕೆ ಮುಂಗಡ ಕೊಟ್ಟರೆಂದು ಭಾವಿಸೋಣ. ಆಸ್ತಿಯ ದಾಖಲೆಯಲ್ಲಿ ತೊಡಕು ಕಂಡುಬಂದು ಸಾಲ ಬಿಡುಗಡೆಯಾಗದಿದ್ದರೆ, ಆ ಮುಂಗಡದ ಗತಿ ಏನೆಂಬುದು ಯಂತ್ರ ಮಾರುವವರ ಷರತ್ತನ್ನು ಅವಲಂಬಿಸುತ್ತದೆ. ಎರಡು ಕಾಗದಗಳ ಷರತ್ತುಗಳು ಒಂದಕ್ಕೊಂದು ಹೊಂದಿಕೆಯಾಗಿವೆಯೇ ಎಂಬುದನ್ನು ಚೆಕ್ಕಿಗೆ ಸಹಿ ಹಾಕುವ ಮೊದಲೇ ನೋಡಬೇಕು.

‘ಪ್ರೊವೈಡೆಡ್ ದಟ್’ ಎಂಬುದು ಕರಾರುಗಳಲ್ಲಿ ‘ಈ ಷರತ್ತಿನ ಮೇಲೆ ಮಾತ್ರ’ ಎಂಬ ಅರ್ಥ ಕೊಡುತ್ತದೆ. ಕಾಯಿದೆಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ನಿಯಮಕ್ಕೆ ಮಿತಿಯನ್ನೋ ವಿನಾಯಿತಿಯನ್ನೋ ತರುತ್ತದೆ. ನಮ್ಮ ಕನ್ನಡ ಕಾಯಿದೆಗಳಲ್ಲಿ ‘ಪರಂತು’ ಎಂದು ಆರಂಭವಾಗುವ ಭಾಗವೇ ಇದು. ‘ಫೇಲಿಂಗ್ ವಿಚ್’ ಎಂಬುದು ‘ತಪ್ಪಿದಲ್ಲಿ’ ಎಂದು ಎರಡನೆಯ ಮುಖವನ್ನು ತೆರೆಯುತ್ತದೆ. ಇದು ಕಂಡಲ್ಲಿ ಪೆನ್ಸಿಲಿನಿಂದ ಅಡಿಗೆರೆ ಎಳೆಯಿರಿ.

ಕಾಯಿದೆಯ ಷರತ್ತು, ಕಾಗದದ ಷರತ್ತು

1872ರ ಭಾರತೀಯ ಕರಾರು ಕಾಯಿದೆಯ 31ರಿಂದ 36ರವರೆಗಿನ ಕಲಮುಗಳು ಷರತ್ತನ್ನು ಅವಲಂಬಿಸಿದ ಕರಾರುಗಳಿಗೇ ಮೀಸಲಾಗಿವೆ. ಅನಿಶ್ಚಿತ ಘಟನೆ ಸಂಭವಿಸಿದರೆ ಮಾತ್ರ ಕೊಡುವುದೆಂಬ ಕರಾರನ್ನು, ಆ ಘಟನೆ ಸಂಭವಿಸುವವರೆಗೆ ಜಾರಿಗೊಳಿಸಲಾಗದು. ಅಸಾಧ್ಯ ಘಟನೆಯ ಮೇಲೆ ನಿಂತ ಕರಾರು ಶೂನ್ಯ. ಇಲ್ಲಿಯೂ ‘ಇಫ್’ ಎಂಬ ಪದವೇ ಹಣದ ಬೀಗದ ಕೈ.

ಕೆಲವೆಡೆ ಕಾಯಿದೆಯ ಷರತ್ತು ಕಾಗದದ ಷರತ್ತನ್ನು ಮೀರುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಲು ಪಡೆದವರು ಲಿಖಿತ ಒಪ್ಪಂದದ ಅವಧಿಯೊಳಗೆ ಹಣ ಕೊಡಬೇಕು. ಪರಂತು ಆ ಅವಧಿ 45 ದಿನ ಮೀರುವಂತಿಲ್ಲ. ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ, ತಲುಪಿದ ದಿನವೇ ಸ್ವೀಕೃತಿಯ ದಿನ. ತಪ್ಪಿದಲ್ಲಿ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ, ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತ ಹೋಗುತ್ತದೆ. ಖರೀದಿದಾರರ ಆರ್ಡರಿನಲ್ಲಿ 90 ದಿನವೆಂದು ಅಚ್ಚಾಗಿದ್ದರೂ ಸಣ್ಣ ತಯಾರಕರು ಎದೆಗುಂದಬೇಕಾಗಿಲ್ಲ. ಆದರೆ ಇಲ್ಲಿಯೂ ಒಂದು ‘ಪರಂತು’ ಇದೆ: 2021ರಲ್ಲಿ ಚಿಲ್ಲರೆ ಮತ್ತು ಸಗಟು ವರ್ತಕರಿಗೆ ಉದ್ಯಮ್ ನೋಂದಣಿಗೆ ಅವಕಾಶ ದೊರೆತಾಗ, ಅವರಿಗೆ ಸಿಕ್ಕ ಸೌಲಭ್ಯ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿತ್ತು. ನೋಂದಣಿ ಪತ್ರವಿದೆಯೆಂದು ಪ್ರತಿಯೊಬ್ಬರೂ 45 ದಿನದ ರಕ್ಷಣೆಯನ್ನು ಎಣಿಸಿಕೊಳ್ಳಲಾಗದು.

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 16ನೆಯ ಕಲಮು ಎರಡೂ ಮುಖ ಹೇಳುವುದಕ್ಕೆ ಒಳ್ಳೆಯ ಮಾದರಿ. ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಸರಬರಾಜುದಾರರಿಗೆ ಹಣ ಕೊಡದಿದ್ದರೆ, ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಅನಂತರ ಕೊಟ್ಟರೆ ಆ ಜಮೆಯನ್ನು ಮತ್ತೆ ಪಡೆಯಬಹುದು.

ಅಭ್ಯಾಸಕ್ರಮ

ವಾರಕ್ಕೊಂದು ಸಂಜೆ ಅರ್ಧ ಗಂಟೆ ಮೀಸಲಿಡಿ. ಪಠ್ಯಪುಸ್ತಕ ಬೇಕಿಲ್ಲ; ನಿಮ್ಮ ಕಡತದಲ್ಲಿರುವ ಒಂದು ಆರ್ಡರು ಅಥವಾ ಮಂಜೂರಾತಿ ಪತ್ರ ಸಾಕು. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಷರತ್ತು, ಷರತ್ತು ಪೂರೈಸಿದರೆ ಫಲ, ಪೂರೈಸದಿದ್ದರೆ ಫಲ. ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಈ ಅಂಕಣಗಳಿಗೆ ಇಳಿಸಿ. ಮೂರನೆಯ ಅಂಕಣ ಖಾಲಿ ಉಳಿದಲ್ಲಿ ಎದುರು ಪಕ್ಷಕ್ಕೆ ಪತ್ರ ಬರೆದು ಕೇಳಿ. ಗುಮಾಸ್ತರನ್ನೂ, ಕಾಲೇಜಿಗೆ ಹೋಗುವ ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡರೆ ಅವರಿಗೂ ವ್ಯವಹಾರದ ಪರಿಚಯವಾಗುತ್ತದೆ.

ಬರೆಯುವ ಅಭ್ಯಾಸಕ್ಕೆ ಮೂರು ವಾಕ್ಯಗಳನ್ನು ಉತ್ತರಸಹಿತ ಕೊಟ್ಟಿದೆ. ಮೊದಲು ಉತ್ತರವನ್ನು ಮುಚ್ಚಿಟ್ಟುಕೊಂಡು ಪ್ರಯತ್ನಿಸಿ.

ಅ) ಶುಂಠಿಯ ಲೋಡು ಸೋಮವಾರ ತಲುಪಿದರೆ ಮಂಗಳವಾರ ಹಣ ಕಳಿಸುತ್ತೇವೆ. ಉತ್ತರ: ‘ಇಫ್ ದಿ ಜಿಂಜರ್ ಲೋಡ್ ಅರೈವ್ಸ್ ಆನ್ ಮಂಡೇ, ವಿ ವಿಲ್ ಸೆಂಡ್ ದಿ ಪೇಮೆಂಟ್ ಆನ್ ಟ್ಯೂಸ್‌ಡೇ.’

ಆ) ಮುಂಗಡ ಬಾರದಿದ್ದರೆ ಕೆಲಸ ಆರಂಭಿಸುವುದಿಲ್ಲ. ಉತ್ತರ: ‘ಅನ್‌ಲೆಸ್ ವಿ ರಿಸೀವ್ ದಿ ಅಡ್ವಾನ್ಸ್, ವಿ ವಿಲ್ ನಾಟ್ ಸ್ಟಾರ್ಟ್ ದಿ ವರ್ಕ್.’

ಇ) ಲಾರಿ ಸಮಯಕ್ಕೆ ಬಂದಿದ್ದರೆ ಅಡಿಕೆ ಮಳೆಯಲ್ಲಿ ನೆನೆಯುತ್ತಿರಲಿಲ್ಲ. ಉತ್ತರ: ‘ಇಫ್ ದಿ ಲಾರಿ ಹ್ಯಾಡ್ ಕಮ್ ಇನ್ ಟೈಮ್, ದಿ ಅರೆಕನಟ್ ವುಡ್ ನಾಟ್ ಹ್ಯಾವ್ ಗಾಟ್ ವೆಟ್.’

ಕೊನೆಯದಾಗಿ ಒಂದು ವಿನಂತಿ. ನಮ್ಮ ಬಿಲ್ಲು ಪುಸ್ತಕಗಳ ಕೆಳಭಾಗದಲ್ಲಿ ಅಚ್ಚಾಗಿರುವ ಷರತ್ತುಗಳನ್ನು ಅನೇಕರು ಮುದ್ರಣಾಲಯದವರ ಹಳೆಯ ಮಾದರಿಯಿಂದ ಹಾಗೆಯೇ ತೆಗೆದುಕೊಂಡಿರುತ್ತಾರೆ. ಮುಂದಿನ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಆ ಸಾಲುಗಳನ್ನು ಓದಿ, ಬೇಕಾದುದನ್ನು ಉಳಿಸಿಕೊಂಡು, ಎರಡೂ ಮುಖಗಳು ಸ್ಪಷ್ಟವಾಗುವಂತೆ ತಿದ್ದಿ ಬರೆಸುವುದು ವರ್ತಕ ಬಂಧುಗಳಿಗೆ ಶ್ರೇಯಸ್ಕರ. ಗ್ರಾಹಕರಿಗೆ ಅರ್ಥವಾಗುವಂತೆ ಅದೇ ಷರತ್ತುಗಳನ್ನು ಕನ್ನಡದಲ್ಲಿಯೂ ಕೊಟ್ಟರೆ ಇನ್ನೂ ಉತ್ತಮ.